ಪಾಠದ ಕೋಣೆ, ಲ್ಯಾಬ್, ಪ್ಲಾಂಟ್: ರಸಾಯನಶಾಸ್ತ್ರದವರ ಪ್ರಶ್ನೆಗಳಿಗೆ ಉತ್ತರ

ಎಂ.ಎಸ್ಸಿ. ಮುಗಿಸುತ್ತಿರುವವರು, ಪಿಎಚ್‌.ಡಿ. ಬರೆಯುತ್ತಿರುವವರು, ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು ಪಾಠದ ಕಡೆ ಕಣ್ಣು ಹಾಕಿರುವವರು, ಎಲ್ಲರ ಪ್ರಶ್ನೆಗಳೂ ಈ ಸಲ ಒಟ್ಟಿಗೇ ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ಜಿಗಣಿಯ ಔಷಧ ಕಂಪನಿಯೊಂದರಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಟ್ರೈನಿ ಕೆಲಸ ಸಿಕ್ಕಿದೆ. ನನಗೆ ಆರ್ ಅಂಡ್ ಡಿ ಇಷ್ಟ. ಈಗ ಸೇರಿ ಆಮೇಲೆ ಬದಲಾಯಿಸಬಹುದೇ? (ವಿದ್ಯಾರ್ಥಿನಿ, ಧಾರವಾಡ)

ಮೊದಲ ಒಂದೆರಡು ವರ್ಷದಲ್ಲಾದರೆ ಆದೀತು. ಮೂರು ದಾಟಿದ ಮೇಲೆ ಸಿಂಥೆಸಿಸ್ (ಸಂಯುಕ್ತ ತಯಾರಿಸುವ) ಲ್ಯಾಬ್‌ನವರು ನಿಮ್ಮ ಅರ್ಜಿಯನ್ನು ಬದಿಗಿಡುವುದೇ ಹೆಚ್ಚು. ಅವರು ನೋಡುವುದು ಒಂದನ್ನೇ: ಈಚೆಗೆ ನೀವು ಕೈಯಾರೆ ಎಷ್ಟು ರಿಯಾಕ್ಷನ್ ಹಾಕಿದ್ದೀರಿ, ಟಿಎಲ್‌ಸಿ (ರಿಯಾಕ್ಷನ್ ಎಲ್ಲಿಗೆ ಬಂತೆಂದು ತೋರುವ ತೆಳುಪದರದ ಪರೀಕ್ಷೆ) ನೋಡಿ ಏನು ತೀರ್ಮಾನಿಸಿದ್ದೀರಿ ಎಂದು. ಕ್ಯೂಸಿಯಲ್ಲಿ ಆ ಅಭ್ಯಾಸ ಇರುವುದಿಲ್ಲ. ಅಲ್ಲಿ ಸ್ಯಾಂಪಲ್ ಬರುತ್ತದೆ, ಬರೆದಿಟ್ಟ ವಿಧಾನದ ಪ್ರಕಾರ ಎಚ್‌ಪಿಎಲ್‌ಸಿ, ಜಿಸಿ (ಎರಡೂ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ), ಕಾರ್ಲ್ ಫಿಷರ್ (ನೀರಿನಂಶದ ಪರೀಕ್ಷೆ) ನಡೆಯುತ್ತವೆ, ವರದಿ ಹೋಗುತ್ತದೆ. ವಿಧಾನವನ್ನು ನೀವು ಬದಲಿಸುವಂತಿಲ್ಲ. ಬದಲಿಸಿದರೆ ಅದೇ ತಪ್ಪು.

ಆದರೆ ನಡುವೆ ಒಂದು ಸೇತುವೆಯಿದೆ. ಅದರ ಹೆಸರು ಅನಲಿಟಿಕಲ್ ಆರ್ ಅಂಡ್ ಡಿ. ಅಲ್ಲಿ ಕೆಲಸವೆಂದರೆ ಹೊಸ ವಿಧಾನ ಕಟ್ಟುವುದು, ಅದನ್ನು ವ್ಯಾಲಿಡೇಟ್ ಮಾಡುವುದು, ಅಂದರೆ ನಂಬಬಹುದೆಂದು ಸಾಬೀತು ಮಾಡುವುದು. ಕ್ಯೂಸಿಯಲ್ಲಿದ್ದುಕೊಂಡೇ ಐಸಿಎಚ್ (ಔಷಧ ನಿಯಮಗಳ ಅಂತಾರಾಷ್ಟ್ರೀಯ ಮಂಡಳಿ) ಕ್ಯೂ2 ಮಾರ್ಗಸೂಚಿಯನ್ನು ಅರೆದು ಕುಡಿಯಿರಿ. ಲೀನಿಯಾರಿಟಿಗೆ ಕನಿಷ್ಠ 5 ಸಾಂದ್ರತೆ, ನಿಖರತೆಗೆ 3 ಮಟ್ಟಗಳಲ್ಲಿ ಒಟ್ಟು 9 ಅಳತೆ, ರಿಪೀಟಬಿಲಿಟಿಗೆ 100 ಶೇಕಡಾ ಮಟ್ಟದಲ್ಲಾದರೆ 6 ಅಳತೆ. ಇವನ್ನು ಬಾಯಿಪಾಠ ಒಪ್ಪಿಸಿದರೆ ಸಾಲದು. ಯಾಕೆ ಎಂದು ಕೇಳಿದಾಗ ಹೇಳುವಂತಿರಬೇಕು.

ಬರವಣಿಗೆಯ ಶಿಸ್ತನ್ನು ಮೊದಲ ವಾರದಲ್ಲೇ ರೂಢಿಸಿಕೊಳ್ಳಿ. ತೂಕ ನೋಡಿದ ಕ್ಷಣದಲ್ಲೇ ಬರೆಯಬೇಕು, ಚೀಟಿಯಲ್ಲಿ ಬರೆದು ಸಂಜೆ ನಕಲು ಮಾಡುವಂತಿಲ್ಲ. ತಪ್ಪಿದರೆ ಒಂದೇ ಗೆರೆ ಎಳೆದು, ಕಾರಣ ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ವೈಟ್ನರ್ ಕಂಡರೆ ಆಡಿಟರ್ ಅಲ್ಲೇ ಕುರ್ಚಿ ಎಳೆದು ಕೂರುತ್ತಾನೆ.

ಸೇರುವ ಮುನ್ನ ಎಚ್‌ಆರ್‌ನವರಲ್ಲಿ ಮೂರು ವಿಷಯ ಕೇಳಿ: ಬಾಂಡ್ ಇದೆಯೇ, ರಾತ್ರಿ ಪಾಳಿ ಇದೆಯೇ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ. ಕೊನೆಯದಕ್ಕೆ ಹೌದು ಎಂದರೆ ಹಿಂದೆ ಸರಿಯಿರಿ. ಗುತ್ತಿಗೆ ಸಂಶೋಧನೆಯ ಲ್ಯಾಬ್‌ನಲ್ಲಿ ಕಡಿಮೆ ಸಂಬಳದ ಸಿಂಥೆಸಿಸ್ ಕೆಲಸ ಸಿಕ್ಕರೆ, ನಿಮ್ಮ ಆಸಕ್ತಿಗೆ ಅದೇ ಮೇಲು. ಸಿಗದಿದ್ದರೆ, ಎರಡು ವರ್ಷ ಮನೆಯಲ್ಲಿ ಕೂತು ಪರೀಕ್ಷೆಗೆ ಓದುವುದಕ್ಕಿಂತ ಕ್ಯೂಸಿ ಒಳ್ಳೆಯದು.

ಪ್ರಶ್ನೆ: ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದ್ದೇನೆ. ಪ್ರೋಸೆಸ್ ಆರ್ ಅಂಡ್ ಡಿ (ಲ್ಯಾಬಿನ ರಿಯಾಕ್ಷನ್ನನ್ನು ಪ್ಲಾಂಟ್‌ಗೆ ಹೊಂದಿಸುವ ವಿಭಾಗ) ಸಂದರ್ಶನಗಳಲ್ಲಿ ನನ್ನ ಪೇಪರ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲ. "ಇದನ್ನು 1000 ಲೀಟರ್ ರಿಯಾಕ್ಟರ್‌ನಲ್ಲಿ ಮಾಡಿದರೆ ಏನಾಗುತ್ತದೆ?" ಎಂದು ಕೇಳಿ ಸುಮ್ಮನಾಗುತ್ತಾರೆ. ಏನು ಹೇಳಬೇಕು? (ಸಂಶೋಧಕ, ಕಲಬುರಗಿ)

ಮೊದಲು ಶಾಖದ ಲೆಕ್ಕ ಹೇಳಿ. ಪಾತ್ರೆಯ ಉದ್ದಗಲ ಹತ್ತು ಪಟ್ಟಾದರೆ ಗೋಡೆಯ ವಿಸ್ತೀರ್ಣ ನೂರು ಪಟ್ಟಾಗುತ್ತದೆ, ಒಳಗಿನ ದ್ರವ ಸಾವಿರ ಪಟ್ಟಾಗುತ್ತದೆ. ಅಂದರೆ 1 ಲೀಟರ್ ಫ್ಲಾಸ್ಕಿನಿಂದ 1000 ಲೀಟರಿಗೆ ಹೋದಾಗ, ಪ್ರತಿ ಲೀಟರಿಗೆ ಸಿಗುವ ತಂಪಾಗಿಸುವ ಗೋಡೆ ಹತ್ತನೇ ಒಂದಕ್ಕೆ ಇಳಿಯಿತು. ಐಸ್ ಬಾತ್‌ನಲ್ಲಿ 15 ನಿಮಿಷದಲ್ಲಿ ಹನಿ ಹನಿಯಾಗಿ ಸೇರಿಸಿದ್ದನ್ನು ಪ್ಲಾಂಟ್‌ನಲ್ಲಿ ಸೇರಿಸಲು, ಬರೀ ಈ ಒಂದು ಕಾರಣಕ್ಕೆ, ಎರಡೂವರೆ ಗಂಟೆ ಬೇಕು. ಆಗ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಅಷ್ಟು ಹೊತ್ತು ನಿಮ್ಮ ಮಧ್ಯಂತರ ಸಂಯುಕ್ತ ಕೆಡದೆ ಉಳಿಯುತ್ತದೆಯೇ? ಫ್ಲಾಸ್ಕಿನಲ್ಲೇ ಮೂರು ಗಂಟೆ ಹಿಡಿದಿಟ್ಟು ಪ್ರತಿ ಅರ್ಧ ಗಂಟೆಗೊಮ್ಮೆ ಎಚ್‌ಪಿಎಲ್‌ಸಿ ನೋಡಿದ್ದರೆ ಉತ್ತರ ನಿಮ್ಮಲ್ಲಿರುತ್ತದೆ. ನೋಡಿಲ್ಲದಿದ್ದರೆ, ಹೀಗೆ ನೋಡುತ್ತೇನೆ ಎಂದು ಹೇಳಿ; ಅದಕ್ಕೂ ಅಂಕ ಇದೆ.

ಎರಡನೆಯದು, ಕೂಲಿಂಗ್ ಕೈಕೊಟ್ಟರೆ ಏನು ಗತಿ ಎಂಬುದು. ರಿಯಾಕ್ಷನ್ ಪ್ರತಿ ಮೋಲ್‌ಗೆ 150 ಕಿಲೋಜೂಲ್ ಶಾಖ ಬಿಡುತ್ತದೆ, ದ್ರಾವಣ 1 ಮೋಲಾರ್, ಸಾಂದ್ರತೆ ಲೀಟರಿಗೆ 0.9 ಕೆ.ಜಿ., ವಿಶಿಷ್ಟ ಶಾಖ ಪ್ರತಿ ಕೆ.ಜಿ.ಗೆ ಪ್ರತಿ ಡಿಗ್ರಿಗೆ 2 ಕಿಲೋಜೂಲ್ ಎಂದಿಟ್ಟುಕೊಳ್ಳಿ. 150ನ್ನು 0.9 ಗುಣಿಸು 2, ಅಂದರೆ 1.8ರಿಂದ ಭಾಗಿಸಿ. ಸುಮಾರು 83 ಡಿಗ್ರಿ. ಎಲ್ಲ ಶಾಖವೂ ಒಳಗೇ ಉಳಿದರೆ 25 ಡಿಗ್ರಿಯಲ್ಲಿದ್ದ ಬ್ಯಾಚ್ 108ಕ್ಕೆ ಏರಬೇಕು. ದ್ರಾವಕ ಟಿಎಚ್‌ಎಫ್ ಆಗಿದ್ದರೆ ಅದು 66ಕ್ಕೇ ಕುದಿಯುತ್ತದೆ. ಕಂಡೆನ್ಸರ್ ತಡೆಯುವಷ್ಟೇ ಕುದಿದರೆ ಬಚಾವು, ಮೀರಿದರೆ ರಪ್ಚರ್ ಡಿಸ್ಕ್ (ಒತ್ತಡ ಹೆಚ್ಚಾದಾಗ ಒಡೆಯಲೆಂದೇ ಇಟ್ಟ ಸುರಕ್ಷಾ ತಗಡು) ಒಡೆಯುತ್ತದೆ. ಅದಕ್ಕೇ ಪ್ಲಾಂಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಬಿಸಿ ಮಾಡುವ ಪದ್ಧತಿಯನ್ನು ಆದಷ್ಟು ದೂರವಿಡುತ್ತಾರೆ. ಒಂದು ರಿಯಾಕ್ಟಂಟನ್ನು ನಿಧಾನ ಸೇರಿಸುತ್ತಾರೆ, ಸೇರಿದಷ್ಟೂ ಆಗಿಂದಾಗಲೇ ಖರ್ಚಾಗುವ ಉಷ್ಣಾಂಶದಲ್ಲಿ ಸೇರಿಸುತ್ತಾರೆ. ಹೆದರಿಕೊಂಡು ತೀರಾ ತಣ್ಣಗಿಟ್ಟು ಸೇರಿಸಿದರೆ ರಿಯಾಕ್ಷನ್ ನಡೆಯದೆ ವಸ್ತು ಒಳಗೇ ಶೇಖರವಾಗುತ್ತದೆ. ಆಮೇಲೆ ಒಮ್ಮೆ ಹೊತ್ತಿಕೊಂಡರೆ ಯಾರ ಕೈಗೂ ಸಿಗುವುದಿಲ್ಲ. ಗ್ರಿನ್ಯಾರ್ಡ್ (ಮೆಗ್ನೀಸಿಯಂ ಜತೆ ಹ್ಯಾಲೈಡಿನ ರಿಯಾಕ್ಷನ್) ಇದಕ್ಕೆ ಒಳ್ಳೆಯ ಉದಾಹರಣೆ: ಹ್ಯಾಲೈಡಿನ 5ರಿಂದ 10 ಶೇಕಡಾ ಮಾತ್ರ ಹಾಕಿ, ಉಷ್ಣಾಂಶ ಏರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಉಳಿದದ್ದನ್ನು ಸೇರಿಸಬೇಕು. ಶುರುವಾಗಲಿಲ್ಲವೆಂದು ಇನ್ನಷ್ಟು ಸುರಿಯುವುದೇ ಅಪಘಾತದ ಮೊದಲ ಹೆಜ್ಜೆ.

ಮೂರನೆಯದು ಅನಿಲ. ಸೋಡಿಯಂ ಬೋರೋಹೈಡ್ರೈಡ್ ಹೆಚ್ಚುವರಿ ಹಾಕಿ ಕೊನೆಗೆ ಉಳಿದದ್ದನ್ನು ಆಮ್ಲದಿಂದ ಕ್ವೆಂಚ್ ಮಾಡುವುದು (ಒಡೆದು ಮುಗಿಸುವುದು) ಲ್ಯಾಬ್‌ನಲ್ಲಿ ಬರೀ ನೊರೆ. ಒಂದು ಮೋಲ್, ಅಂದರೆ 37.8 ಗ್ರಾಂ, ಪೂರ್ತಿ ಒಡೆದರೆ 4 ಮೋಲ್ ಹೈಡ್ರೋಜನ್ ಕೊಡುತ್ತದೆ. 25 ಡಿಗ್ರಿಯಲ್ಲಿ ಅದು ಸುಮಾರು 98 ಲೀಟರ್. ಒಂದು ಕೆ.ಜಿ. ಉಳಿದಿದ್ದರೆ ಸುಮಾರು 2600 ಲೀಟರ್. ವೆಂಟ್ ಪೈಪ್ ಎಷ್ಟು ಅಗಲ, ನೈಟ್ರೋಜನ್ ಹರಿವು ಎಷ್ಟು, ಕ್ವೆಂಚ್ ಎಷ್ಟು ಗಂಟೆ ಎಂಬುದೆಲ್ಲ ಈ ಲೆಕ್ಕದಿಂದ ಹೊರಡುತ್ತದೆ.

ಇನ್ನು ವರ್ಕ್-ಅಪ್, ಅಂದರೆ ರಿಯಾಕ್ಷನ್ ಮುಗಿದ ಮೇಲೆ ವಸ್ತುವನ್ನು ಬೇರ್ಪಡಿಸುವ ಕೆಲಸ. ನಿಮ್ಮ ಪ್ರಬಂಧದಲ್ಲಿ "ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿ, ಸೋಸಿ, ಪೂರ್ತಿ ಇಂಗಿಸಿ, ಕಾಲಂ ಮಾಡಿ" ಎಂಬ ಸಾಲು ಎಷ್ಟು ಸಲ ಬಂದಿದೆಯೋ ನೋಡಿ. ಈ ನಾಲ್ಕರಲ್ಲಿ ಒಂದನ್ನೂ ಪ್ಲಾಂಟ್‌ನವರು ಇಷ್ಟಪಡುವುದಿಲ್ಲ. ನೀರನ್ನು ಟಾಲ್ಯೂಯೀನ್‌ನಂಥ ದ್ರಾವಕದ ಜತೆ ಅಜಿಯೋಟ್ರೋಪ್ (ಒಟ್ಟಿಗೇ ಕುದಿಯುವ ಮಿಶ್ರಣ) ಆಗಿ ಬಟ್ಟಿ ಇಳಿಸಿ ತೆಗೆಯುತ್ತಾರೆ. ಪೂರ್ತಿ ಇಂಗಿಸುವುದಿಲ್ಲ, ಏಕೆಂದರೆ ತಳದಲ್ಲಿ ಉಳಿದದ್ದಕ್ಕೆ ಅಜಿಟೇಟರ್ (ಕಲಕುವ ದಂಡ) ತಲುಪುವುದಿಲ್ಲ, ವಸ್ತು ಗೋಡೆಗೆ ಅಂಟಿ ಸುಡುತ್ತದೆ. ಲ್ಯಾಬಿನಲ್ಲಿ ದ್ರಾವಕ ಇಂಗಿಸುವ ರೋಟಾವೇಪರ್‌ನಲ್ಲಿ ಅರ್ಧ ಗಂಟೆಯ ಕೆಲಸ ಅಲ್ಲಿ ಒಂದು ಪಾಳಿಯನ್ನೇ ತಿನ್ನುತ್ತದೆ; ಅಷ್ಟು ಹೊತ್ತು ಬಿಸಿಯಲ್ಲಿ ನಿಮ್ಮ ವಸ್ತು ಉಳಿಯಬೇಕು. ಡೈಈಥೈಲ್ ಈಥರ್ ಬದಲು ಎಂಟಿಬಿಇ ಅಥವಾ 2-ಮೀಥೈಲ್ ಟಿಎಚ್‌ಎಫ್. ಕಾಲಂ (ಪುಡಿ ತುಂಬಿದ ಕೊಳವೆಯಲ್ಲಿ ಹಾಯಿಸಿ ಶುದ್ಧಿ ಮಾಡುವುದು) ಬದಲು ಕ್ರಿಸ್ಟಲೈಸೇಷನ್ (ಹರಳುಗಟ್ಟಿಸುವುದು). ಕಾಲಂ ಇಲ್ಲದೆ ನಿಮ್ಮ ವಸ್ತು ಎಷ್ಟು ಶುದ್ಧವಾಗಿ ಸಿಗುತ್ತದೆ ಎಂದು ಒಂದೇ ಒಂದು ಪ್ರಯೋಗ ಮಾಡಿ ಹೋದರೂ ಸಂದರ್ಶನದ ಧಾಟಿ ಬದಲಾಗುತ್ತದೆ.

ಯೀಲ್ಡ್ (ಇಳುವರಿ) ಶೇಕಡಾ 92 ಎಂದರೆ ಅವರು ತಲೆಯಾಡಿಸಿ, "ಎಷ್ಟು ವಾಲ್ಯೂಮ್?" ಎನ್ನುತ್ತಾರೆ. ಒಂದು ಕೆ.ಜಿ. ಕಚ್ಚಾವಸ್ತುವಿಗೆ ಎಷ್ಟು ಲೀಟರ್ ದ್ರಾವಕ ಎಂಬುದು ಆ ಪ್ರಶ್ನೆಯ ಅರ್ಥ. ಸಾವಿರ ಲೀಟರ್ ರಿಯಾಕ್ಟರನ್ನು 800ರವರೆಗೆ ತುಂಬಿದರೆ, 20 ವಾಲ್ಯೂಮ್‌ನಲ್ಲಿ 40 ಕೆ.ಜಿ. ಹಾಕಬಹುದು, 8 ವಾಲ್ಯೂಮ್‌ಗೆ ಇಳಿಸಿದರೆ 100 ಕೆ.ಜಿ. ಅದೇ ರಿಯಾಕ್ಟರ್, ಅದೇ ಜನ, ಅದೇ ಪಾಳಿ. ಯೀಲ್ಡ್‌ನಲ್ಲಿ ಎರಡು ಶೇಕಡಾ ಏರಿಸಲು ತಿಂಗಳು ಕಳೆದವರಿಗಿಂತ ವಾಲ್ಯೂಮ್ ಇಳಿಸಿದವರಿಗೆ ಅಲ್ಲಿ ಬೆಲೆ.

ಅಶುದ್ಧಿಯ ಗೆರೆಗಳೂ ನೆನಪಿರಲಿ. ದಿನಕ್ಕೆ 2 ಗ್ರಾಂವರೆಗೆ ಸೇವಿಸುವ ಔಷಧದಲ್ಲಿ ಐಸಿಎಚ್ ಕ್ಯೂ3ಎ ಪ್ರಕಾರ 0.05 ಶೇಕಡಾ ಮೀರಿದ ಅಶುದ್ಧಿಯನ್ನು ವರದಿ ಮಾಡಬೇಕು. 0.10 ಮೀರಿದರೆ ಅದರ ರಚನೆ ಗುರುತಿಸಬೇಕು, 0.15 ಮೀರಿದರೆ ಅದು ಸುರಕ್ಷಿತವೆಂದು ತೋರಿಸಬೇಕು. ಕೊನೆಯ ಎರಡಕ್ಕೆ ದಿನಕ್ಕೆ 1 ಮಿಲಿಗ್ರಾಂ ಎಂಬ ಮಿತಿಯೂ ಉಂಟು. ಎರಡರಲ್ಲಿ ಕಡಿಮೆಯಿರುವುದೇ ಲೆಕ್ಕಕ್ಕೆ. ಪ್ರಬಂಧದಲ್ಲಿ "ಎನ್‌ಎಂಆರ್ ಪ್ರಕಾರ ಶುದ್ಧ" ಎಂದು ಬರೆದದ್ದು ಈ ಗೆರೆಗಳ ಹತ್ತಿರಕ್ಕೂ ಬರುವುದಿಲ್ಲ.

ಪ್ರಶ್ನೆ: ಕ್ಯೂಸಿಯಲ್ಲಿ ಹೊಸಬ. ಎಚ್‌ಪಿಎಲ್‌ಸಿಯಲ್ಲಿ ಸಿ18 ಕಾಲಂ (250 × 4.6 ಮಿ.ಮೀ., 5 ಮೈಕ್ರಾನ್), ಫಾಸ್ಫೇಟ್ ಬಫರ್ ಮತ್ತು ಅಸಿಟೋನೈಟ್ರೈಲ್. ಪ್ರತಿ ಸೋಮವಾರ ಬೆಳಿಗ್ಗೆ ಪ್ರೆಷರ್ ಏರಿರುತ್ತದೆ. ಕಾಲಂ ಬದಲಿಸಿದರೂ ಎರಡು ವಾರಕ್ಕೆ ಮತ್ತದೇ. (ನಂಜನಗೂಡು)

ಸೋಮವಾರವೇ ಎಂದರೆ ತಪ್ಪು ಶನಿವಾರ ಸಂಜೆ ಆಗುತ್ತಿದೆ. ಬಫರ್ ಒಳಗಿರುವಾಗಲೇ ಯಾರೋ ನೇರ ಶುದ್ಧ ಅಸಿಟೋನೈಟ್ರೈಲ್ ಹರಿಸುತ್ತಿದ್ದಾರೆ, ಇಲ್ಲವೇ ಬಫರ್ ತುಂಬಿಟ್ಟೇ ಪಂಪ್ ಆರಿಸುತ್ತಿದ್ದಾರೆ. ಫಾಸ್ಫೇಟ್ ಲವಣ ಅಸಿಟೋನೈಟ್ರೈಲ್ ಹೆಚ್ಚಾದ ಕಡೆ ಕರಗದೆ ಹರಳುಗಟ್ಟಿ ಕಾಲಂ ತುದಿಯ ಜರಡಿಗಳಾದ ಫ್ರಿಟ್‌ಗಳಲ್ಲಿ ಕೂರುತ್ತದೆ.

ಮುಗಿಸುವಾಗ ಮೊದಲು 90 ಭಾಗ ನೀರು, 10 ಭಾಗ ಅಸಿಟೋನೈಟ್ರೈಲ್, ಬಫರ್ ಇಲ್ಲದೆ. ನಿಮ್ಮ ಅಳತೆಯ ಕಾಲಂನೊಳಗೆ ದ್ರವಕ್ಕೆ ಇರುವ ಜಾಗ ಸುಮಾರು 2.5 ಮಿ.ಲೀ.; ಹತ್ತು ಪಟ್ಟು ಹರಿಯಬೇಕೆಂದರೆ ನಿಮಿಷಕ್ಕೆ 1 ಮಿ.ಲೀ.ನಂತೆ ಅರ್ಧ ಗಂಟೆ. ಆಮೇಲೆ ಅಸಿಟೋನೈಟ್ರೈಲ್ 70-80 ಶೇಕಡಾಕ್ಕೆ ಏರಿಸಿ ಇನ್ನರ್ಧ ಗಂಟೆ, ಅದರಲ್ಲೇ ಕಾಲಂ ಮುಚ್ಚಿಡಿ.

ಈಗ ಏರಿರುವ ಪ್ರೆಷರ್ ಎಲ್ಲಿಯದು ಎಂದು ತಿಳಿಯಲು ಕಾಲಂ ಬಿಚ್ಚಿ, ಅದರ ಜಾಗದಲ್ಲಿ ಯೂನಿಯನ್ (ಟ್ಯೂಬ್ ಜೋಡಿಸುವ ತುಂಡು) ಹಾಕಿ ಓಡಿಸಿ. ಪ್ರೆಷರ್ ಬಿದ್ದರೆ ತೊಂದರೆ ಕಾಲಂನದು. ಬೀಳದಿದ್ದರೆ ಇಂಜೆಕ್ಟರ್, ಟ್ಯೂಬ್, ಇನ್‌ಲೈನ್ ಫಿಲ್ಟರ್ ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಗಾರ್ಡ್ ಕಾಲಂ ಇದ್ದರೆ ಮೊದಲು ಅದನ್ನೇ ತೆಗೆದು ನೋಡಿ. ಬಫರ್ ಬಾಟಲಿಯಲ್ಲಿ ಎರಡು ಮೂರು ದಿನಕ್ಕೆ ಸೂಕ್ಷ್ಮಜೀವಿ ಬೆಳೆಯುತ್ತದೆ, ಆದ್ದರಿಂದ ಹಳೆಯದಕ್ಕೆ ಹೊಸದನ್ನು ಸುರಿಯಬೇಡಿ, 0.45 ಮೈಕ್ರಾನ್‌ನಲ್ಲಿ ಸೋಸದೆ ಬಳಸಬೇಡಿ. ಸಿಲಿಕಾ ಆಧಾರಿತ ಸಾಮಾನ್ಯ ಕಾಲಂಗೆ ಪಿಎಚ್ 2ರಿಂದ 8ರ ಒಳಗೇ ಇರಲಿ. ಇನ್ನೊಂದು ಮಾತು: ಸ್ಯಾಂಪಲ್ಲನ್ನು ಪೂರ್ತಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ನೀರೇ ಹೆಚ್ಚಿರುವ ಮೊಬೈಲ್ ಫೇಸ್‌ಗೆ (ಕಾಲಂನಲ್ಲಿ ಹರಿಯುವ ದ್ರವಕ್ಕೆ) ಇಂಜೆಕ್ಟ್ ಮಾಡಿದರೆ, ಅದು ಕಾಲಂನ ಬಾಯಲ್ಲೇ ಒತ್ತರಿಸಬಹುದು (ಕರಗಿದ್ದು ಗಟ್ಟಿಯಾಗಿ ಬೇರೆಯಾಗಬಹುದು). ಕಾಲಂ ಬಳಕೆಯ ಪುಸ್ತಕದಲ್ಲಿ ಪ್ರತಿದಿನದ ಆರಂಭದ ಪ್ರೆಷರ್ ಬರೆಯಲು ಶುರುಮಾಡಿ, ಎರಡು ವಾರದಲ್ಲಿ ಯಾವ ಪಾಳಿಯ ಕೆಲಸವೆಂದು ಗೊತ್ತಾಗುತ್ತದೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕನಾಗಲು ಪಿಎಚ್‌.ಡಿ. ಬೇಕೇ ಬೇಕೇ? ನೆಟ್, ಕೆ-ಸೆಟ್ ಯಾವುದಕ್ಕೆ ಓದಲಿ? (ಅತಿಥಿ ಉಪನ್ಯಾಸಕ, ಹಾವೇರಿ)

ಬೇಕಿಲ್ಲ. 2023ರ ಜುಲೈನಲ್ಲಿ ಯುಜಿಸಿ ತಿದ್ದುಪಡಿ ತಂದಿದ್ದು, ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ; ಪಿಎಚ್‌.ಡಿ. ಐಚ್ಛಿಕ. ಕೆ-ಸೆಟ್ ಅರ್ಹತೆ ಕರ್ನಾಟಕದೊಳಗೆ ಮಾತ್ರ ಮಾನ್ಯ, ನೆಟ್ ದೇಶದೆಲ್ಲೆಡೆ.

ಎರಡಕ್ಕೂ ಓದು ಒಂದೇ, ಬರೆಯುವ ಉಪಾಯ ಬೇರೆ. ಕೆ-ಸೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಸಿಎಸ್‌ಐಆರ್ ನೆಟ್‌ನ ರಾಸಾಯನಿಕ ವಿಜ್ಞಾನದಲ್ಲಿ 200 ಅಂಕ. ಸಿ ಭಾಗದ 60 ಪ್ರಶ್ನೆಗಳಲ್ಲಿ 25ನ್ನಷ್ಟೇ ಬರೆಯಬೇಕು, ಒಂದೊಂದಕ್ಕೆ 4 ಅಂಕ. ಅರ್ಧ ಪರೀಕ್ಷೆ ಅಲ್ಲೇ ಇದೆ. ತಪ್ಪಿಗೆ ಕಾಲುಭಾಗ ಕಳೆಯುತ್ತಾರೆ. ಹಾಗಾಗಿ ಎಲ್ಲವನ್ನೂ ಮೇಲೆ ಮೇಲೆ ಓದುವುದಕ್ಕಿಂತ ಪೆರಿಸೈಕ್ಲಿಕ್, ಗ್ರೂಪ್ ಥಿಯರಿ, ಆರ್ಗ್ಯಾನೋಮೆಟಾಲಿಕ್, ಸ್ಪೆಕ್ಟ್ರೋಸ್ಕೋಪಿಯಂಥ ಕೆಲವನ್ನು ಆಳವಾಗಿ ಹಿಡಿಯಿರಿ. ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ (2023ರ ಜನವರಿಯಿಂದ ಈ ದರ), ಸೀನಿಯರ್ ಆದ ಮೇಲೆ 42,000; ಆಗ ಪಿಎಚ್‌.ಡಿ.ಯ ಪ್ರಶ್ನೆಯನ್ನು ಇನ್ನೊಮ್ಮೆ ಯೋಚಿಸಬಹುದು.

ಪ್ರಶ್ನೆ: ನೀರಿನ ಗಡಸುತನದ ಪ್ರಯೋಗದಲ್ಲಿ 30 ವಿದ್ಯಾರ್ಥಿಗಳಿಗೆ 30 ಉತ್ತರ. ಎಂಡ್ ಪಾಯಿಂಟ್ ನೀಲಿಗೆ ಬಾರದೆ ನೇರಳೆಯಲ್ಲೇ ನಿಲ್ಲುತ್ತದೆ. (ಉಪನ್ಯಾಸಕಿ, ಚಿಂತಾಮಣಿ)

ಬಣ್ಣ ತಿರುಗುವ ಇಂಡಿಕೇಟರ್, ಅಂದರೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ದ್ರಾವಣ ಹಳತಾಗಿರಬೇಕು. ದ್ರಾವಣ ಮಾಡಲೇಬೇಡಿ, ಬಣ್ಣದ 1 ಭಾಗವನ್ನು 100 ಭಾಗ ಒಣ ಸೋಡಿಯಂ ಕ್ಲೋರೈಡ್ ಜತೆ ಅರೆದು ಪುಡಿಯಾಗಿಡಿ, ಚಿಟಿಕೆ ಸಾಕು. ಬಫರ್ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಅಮೋನಿಯಾ ಹಾರಿ ಪಿಎಚ್ 10ಕ್ಕಿಂತ ಇಳಿದಿರುತ್ತದೆ. ಹೊಸದಾಗಿ ಮಾಡಿ: 17.5 ಗ್ರಾಂ ಅಮೋನಿಯಂ ಕ್ಲೋರೈಡ್, 142 ಮಿ.ಲೀ. ಸಾಂದ್ರ ಅಮೋನಿಯಾ, ನೀರು ಸೇರಿಸಿ 250 ಮಿ.ಲೀ.

ಬ್ಯೂರೆಟ್‌ನಲ್ಲಿ ತುಂಬುವ ಇಡಿಟಿಎ ದ್ರಾವಣವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಸ್ಟ್ಯಾಂಡರ್ಡೈಸ್ ಮಾಡುವಾಗಲೂ (ಅದರ ನಿಖರ ಪ್ರಬಲತೆ ಕಂಡುಹಿಡಿಯುವಾಗಲೂ) ಬಣ್ಣ ಎಳೆದಾಡಿದರೆ ಕಾರಣ ಬೇರೆ: ಅಲ್ಲಿ ಮೆಗ್ನೀಸಿಯಂ ಇಲ್ಲ. ಈ ಇಂಡಿಕೇಟರ್ ಕ್ಯಾಲ್ಸಿಯಂ ಅನ್ನು ಸಡಿಲವಾಗಿ, ಮೆಗ್ನೀಸಿಯಂ ಅನ್ನು ಬಿಗಿಯಾಗಿ ಹಿಡಿಯುತ್ತದೆ. ಚುರುಕಾದ ತಿರುವು ಮೆಗ್ನೀಸಿಯಂನಿಂದಲೇ ಬರುವುದು. 0.01 ಮೋಲಾರ್ ಇಡಿಟಿಎ ಮಾಡುವಾಗ (ಲೀಟರಿಗೆ 3.72 ಗ್ರಾಂ ಡೈಸೋಡಿಯಂ ಲವಣ) ಸ್ಟ್ಯಾಂಡರ್ಡೈಸ್ ಮಾಡುವ ಮುನ್ನವೇ ಸುಮಾರು 0.1 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಸೇರಿಸಿ. ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ.

ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು. 50 ಮಿ.ಲೀ.ಗೆ 25-30 ಮಿ.ಲೀ. ಇಡಿಟಿಎ ಎಳೆದರೆ, ಬ್ಯೂರೆಟ್ ಬಿಡುವಷ್ಟರಲ್ಲಿ ಕಾರ್ಬೊನೇಟ್ ಒತ್ತರಿಸಲು ಶುರುವಾಗಿರುತ್ತದೆ. 25 ಮಿ.ಲೀ. ನೀರಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಫರ್ ಹಾಕಿದ 5 ನಿಮಿಷದೊಳಗೆ ಮುಗಿಸಲು ಹೇಳಿ. ಆಗ ಬ್ಯೂರೆಟ್ ಓದನ್ನು 40ರಿಂದ ಗುಣಿಸಿದರೆ ಗಡಸುತನ ಲೀಟರಿಗೆ ಇಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಎಂದು ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು 200, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಕಬ್ಬಿಣವಿರುವ ನೀರಾದರೆ ಇಂಡಿಕೇಟರ್ ಕಚ್ಚಿಕೊಂಡು ಬಣ್ಣ ತಿರುಗುವುದೇ ಇಲ್ಲ. ಬಫರ್‌ಗೆ ಮೊದಲು ಸ್ವಲ್ಪ ಟ್ರೈಎಥನಾಲಮೀನ್ ಹಾಕಿಸಿ. ಕಾಲೇಜಿನ "ಡಿಸ್ಟಿಲ್ಡ್ ವಾಟರ್" ಕ್ಯಾನ್‌ನದಕ್ಕೂ ಒಂದು ಬ್ಲ್ಯಾಂಕ್ ಮಾಡಿ ನೋಡಿ. ಫಲಿತಾಂಶ ನೋಡಿ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಲ್ಯಾಬಿನ ಸಂಶೋಧನೆಯಿಂದ ನಿಜಕ್ಕೂ ಕಾರ್ಖಾನೆ ಹುಟ್ಟಿದ್ದುಂಟೇ? (ಮೈಸೂರು)

ನಿಮ್ಮೂರಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಶ್ರೀಗಂಧದ ರಫ್ತು ನಿಂತು ಸಂಸ್ಥಾನದ ಗೋದಾಮಿನಲ್ಲಿ ಮರ ರಾಶಿ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಅಲ್ಲೇ ಕುದುರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು. ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಸುಮಾರು 300 ಡಿಗ್ರಿಯಲ್ಲಿ ಕುದಿಯುವಂಥದ್ದು. ನೇರ ಬಿಸಿ ಮಾಡಿದರೆ ಕೆಡುತ್ತದೆ, ಹಬೆ ಹಾಯಿಸಿದರೆ ನೀರಿನ ಜತೆ 100ರ ಒಳಗೇ ಹೊರಬರುತ್ತದೆ. ಆದರೆ ಬಹಳ ನಿಧಾನ, ಹಬೆಗೆ ಉರುವಲು ಬಹಳ. ಈ ಎಣ್ಣೆಯಿಂದ ಗಂಧದ ಸಾಬೂನು ಮಾಡುವ ಯೋಚನೆಯೂ ಬಂತು; ಸಾಬೂನಿನ ತಂತ್ರ ಕಲಿಯಲು ಸರ್ಕಾರ ಎಸ್.ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿತ್ತು. "ಸೋಪ್ ಶಾಸ್ತ್ರಿ" ಎಂದೇ ಅವರಿಗೆ ಹೆಸರಾಯಿತು.

ಪ್ರಶ್ನೆ: ಎಂಟು ವರ್ಷದಿಂದ ಕಂಪನಿಯ ಆರ್ ಅಂಡ್ ಡಿಯಲ್ಲಿದ್ದೇನೆ. ಕೆಲಸ ಬಿಡದೆ ಪಿಎಚ್‌.ಡಿ. ಮಾಡಿ ಮುಂದೆ ಪಾಠಕ್ಕೆ ಹೋಗಬಹುದೇ? ಕಂಪನಿಯ ಕೆಲಸವನ್ನೇ ಪ್ರಬಂಧ ಮಾಡಬಹುದೇ? (ಬೆಂಗಳೂರು)

ಅರೆಕಾಲಿಕ ಪಿಎಚ್‌.ಡಿ.ಗೆ ಯುಜಿಸಿಯ 2022ರ ನಿಯಮಗಳಲ್ಲಿ ಅವಕಾಶವಿದೆ. ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅವಧಿ ಕನಿಷ್ಠ ಮೂರು ವರ್ಷ.

ಕಂಪನಿಯ ಪ್ರಾಜೆಕ್ಟನ್ನು ಪ್ರಬಂಧ ಮಾಡಲು ಹೋಗಬೇಡಿ. ಗೋಪ್ಯತೆಯ ಕರಾರಿನಿಂದಾಗಿ ನಾಲ್ಕನೇ ವರ್ಷದಲ್ಲಿ ಅರ್ಧ ಅಧ್ಯಾಯವೇ ಕೈಬಿಟ್ಟು ಹೋಗುವುದುಂಟು. ಪೇಟೆಂಟ್ ಮುಗಿದ ಔಷಧವೊಂದರ ಡಿಗ್ರಡೇಷನ್ ಅಥವಾ ಕ್ರಿಸ್ಟಲ್ ರೂಪಗಳಂಥ ವಿಷಯ ಹಿಡಿದು, ಅದಕ್ಕೂ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಗೈಡ್ ಹುಡುಕುವಾಗ ಅವರ ಪ್ರಕಟಣೆಗಳ ಸಂಖ್ಯೆಗಿಂತ ಶನಿವಾರ-ಭಾನುವಾರ ಲ್ಯಾಬ್ ತೆರೆದಿರುತ್ತದೆಯೇ ಎಂದು ಕೇಳಿ, ಅರೆಕಾಲಿಕದವರ ಪಿಎಚ್‌.ಡಿ. ನಿಲ್ಲುವುದು ಅಲ್ಲೇ.

ಪಾಠಕ್ಕೆ ಇನ್ನೊಂದು ಬಾಗಿಲು "ಪ್ರೊಫೆಸರ್ ಆಫ್ ಪ್ರಾಕ್ಟೀಸ್". ಪಿಎಚ್‌.ಡಿ. ಬೇಕಿಲ್ಲ, ಆದರೆ 15 ವರ್ಷದ ಅನುಭವ ಬೇಕು, ಮತ್ತು ಹುದ್ದೆ ಕಾಯಂ ಅಲ್ಲ: ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು. ಮನೆ ಸಾಲ ಇರುವವರು ಈ ಕೊನೆಯ ಸಾಲನ್ನು ಎರಡು ಸಲ ಓದಿಕೊಳ್ಳಿ.

ಪ್ರಶ್ನೆ: ಪೇಪರ್ ಮೊದಲೋ, ಪೇಟೆಂಟ್ ಮೊದಲೋ? (ಶಿವಮೊಗ್ಗ)

ಪೇಟೆಂಟ್ ಅರ್ಜಿ ಮೊದಲು. ಪ್ರಕಟವಾದದ್ದು ಹೊಸದಲ್ಲ ಎಂಬುದು ಕಾನೂನಿನ ಸಾಮಾನ್ಯ ನಿಲುವು. ಸಮ್ಮೇಳನದ ಪೋಸ್ಟರ್, ಶೋಧಗಂಗಾ ಜಾಲತಾಣದಲ್ಲಿ ಏರಿಸಿದ ಪ್ರಬಂಧ ಕೂಡ ಪ್ರಕಟಣೆಯೇ. ಪ್ರೊವಿಷನಲ್ ಅರ್ಜಿ ಸಲ್ಲಿಸಿ ತಾರೀಕು ಹಿಡಿದುಕೊಂಡರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಅರ್ಜಿ ಸಲ್ಲಿಸಿದ ಮರುದಿನವೇ ಪೇಪರ್ ಕಳಿಸಬಹುದು. ಹಳೆಯ ಔಷಧದ ಹೊಸ ಲವಣವೋ ಹೊಸ ಕ್ರಿಸ್ಟಲ್ ರೂಪವೋ ಆಗಿದ್ದರೆ, ನಮ್ಮ ಕಾಯ್ದೆಯ 3(ಡಿ) ಕಲಂ ಪ್ರಕಾರ ಅದರ ಪರಿಣಾಮ ಹೆಚ್ಚಿದೆಯೆಂದು ತೋರಿಸಬೇಕು. ಬರೀ ಹೆಚ್ಚು ಕರಗುತ್ತದೆ ಎಂಬ ದತ್ತಾಂಶ ಇಟ್ಟುಕೊಂಡು ಖರ್ಚು ಮಾಡಬೇಡಿ.